ಹೆಂಡತಿಯ ಬದಲು ಗ್ಯಾಲರಿ ಕಾದದ್ದು

ಕೋಲ್ಕತ್ತಾದಲ್ಲಿ ನಾನೊಬ್ಬ ಕಲಾವಿಮರ್ಶಕ ಎಂದರೆ ನಮ್ಮ ಆಫೀಸಿನಲ್ಲಿ ಯಾರೂ ನಂಬುವುದಿಲ್ಲ. ನಂಬದಿರುವುದೇ ಸರಿ. ನಾನು ರೈಲ್ವೆಯ ಲೆಕ್ಕಪತ್ರ ವಿಭಾಗದವನು. ಬಾಳೆಹಣ್ಣು ಬರೆಯಲು ಹೇಳಿದರೆ ಚಪ್ಪಲಿ ಬರೆದಿಡುವ ಕೈ ನನ್ನದು. ಆದರೂ ಮೈಸೂರು ಬಿಟ್ಟು ಈ ಊರಿಗೆ ವರ್ಗವಾಗಿ ಬಂದ ಮೇಲೆ ನಾನು ಹೊಕ್ಕು ಬರದ ಗ್ಯಾಲರಿಯಿಲ್ಲ, ಅಭಿಪ್ರಾಯ ಕೊಡದ ಚಿತ್ರವಿಲ್ಲ. ಕೊಟ್ಟ ಅಭಿಪ್ರಾಯವೆಲ್ಲ ಕನ್ನಡದಲ್ಲಿ. ಕೇಳಿಸಿಕೊಂಡವಳು ಒಬ್ಬಳೇ, ನನ್ನ ಹೆಂಡತಿ.

ಇದೆಲ್ಲ ಶುರುವಾದದ್ದು ಬೆವರಿನಿಂದ. ನಾವು ಬಂದ ವರ್ಷದ ಮೇ ತಿಂಗಳು. ಶನಿವಾರ ಮಧ್ಯಾಹ್ನ ಇಬ್ಬರೂ ಟಾಲಿಗಂಜ್‌ನ ಮನೆಯಿಂದ ಲೇಕ್ ಮಾರ್ಕೆಟ್ಟಿಗೆ ಹೊರಟಿದ್ದೆವು. ಕರಿಬೇವು, ನುಗ್ಗೆಕಾಯಿ, ಕಾಫಿಪುಡಿ, ನಮ್ಮ ಕಡೆಯವರಿಗೆ ಬೇಕಾದ್ದೆಲ್ಲ ಸಿಗುವುದು ಅಲ್ಲೇ. ನನ್ನ ಅಂಗಿ ಹಿಂಡಿದ್ದರೆ ಒಂದು ಚೊಂಬು ನೀರು ಬರುತ್ತಿತ್ತು. ದಾರಿಯಲ್ಲಿ ಯಾರೋ ಒಂದು ಗಾಜಿನ ಬಾಗಿಲು ತೆಗೆದು ಹೊರಗೆ ಬಂದರು, ಒಳಗಿಂದ ಎ.ಸಿ.ಯ ಗಾಳಿ ಮುಖಕ್ಕೆ ಬಡಿಯಿತು. ಟಿಕೆಟ್ ಇಲ್ಲ, ತಡೆಯುವವರಿಲ್ಲ, ನುಗ್ಗಿಬಿಟ್ಟೆವು. ಆದರೆ ಗ್ಯಾಲರಿಯಲ್ಲಿ ಸುಮ್ಮನೆ ತಣ್ಣಗೆ ನಿಂತಿರಲು ಬರುವುದಿಲ್ಲ. ಮೇಜಿನ ಹಿಂದೆ ಕೂತಿದ್ದ ಹೆಂಗಸು ಕನ್ನಡಕದ ಮೇಲಿಂದ ನಮ್ಮನ್ನೇ ನೋಡುತ್ತಿದ್ದಳು. ಒಂದು ಚಿತ್ರದ ಮುಂದೆ ಹೋಗಿ ನಿಲ್ಲಲೇಬೇಕಾಯಿತು. ನಿಂತ ಮೇಲೆ ಬಾಯಿ ಮುಚ್ಚಿಕೊಂಡು ಎಷ್ಟು ಹೊತ್ತು ನಿಲ್ಲುವುದು? ಹೆಂಡತಿಯ ಕಡೆ ತಿರುಗಿ, "ಇದರಲ್ಲಿ ಒಂದು ಒಳತೋಟಿ ಇದೆ ನೋಡೇ," ಎಂದೆ. ಆ ಪದ ನನ್ನ ಬಾಯಿಗೆ ಎಲ್ಲಿಂದ ಬಂತೋ ದೇವರಾಣೆ ಗೊತ್ತಿಲ್ಲ.

ಅವಳು "ಹೂಂ" ಎಂದಳು. ನನಗೆ ಅಷ್ಟು ಸಾಕಾಯಿತು.

ಈ ಊರಿನಲ್ಲಿ ಅಭಿಪ್ರಾಯ ಇಲ್ಲದವನಿಗೆ ಬೆಲೆಯಿಲ್ಲ. ನಮ್ಮ ಆಫೀಸಿನ ಊಟದ ಹೊತ್ತಿನಲ್ಲಿ ಫುಟ್‌ಬಾಲಿನ ಬಗ್ಗೆ ಎಷ್ಟು ಜೋರಾಗಿ ಜಗಳವಾಗುತ್ತದೋ ಅಷ್ಟೇ ಜೋರಾಗಿ ಯಾರೋ ಚಿತ್ರಕಾರನ ಬಗ್ಗೆಯೂ ಆಗುತ್ತದೆ. ನಡುವೆ ಒಬ್ಬರು ನನ್ನ ಕಡೆ ತಿರುಗಿ, "ನೀವು ಏನು ಹೇಳುತ್ತೀರಿ?" ಎಂದು ಕೇಳುತ್ತಾರೆ. ನನ್ನ ಬಂಗಾಳಿ ಮೀನು ಬೇಡ, ಸಾಸಿವೆ ಎಣ್ಣೆ ಕಮ್ಮಿ ಇರಲಿ ಎನ್ನುವಲ್ಲಿಗೆ ಮುಗಿಯುತ್ತದೆ. ಮೊಸರನ್ನ ಕಲಸುತ್ತಾ ತಲೆ ಅಲ್ಲಾಡಿಸುತ್ತಿದ್ದೆ. ಒಳಗೆ ಹೊಟ್ಟೆಯುರಿ. ವಾರವಿಡೀ ಆಡದೆ ಉಳಿದ ಮಾತನ್ನೆಲ್ಲ ಶನಿವಾರ ಗ್ಯಾಲರಿಗೆ ಹೋಗಿ ಕನ್ನಡದಲ್ಲಿ ಸುರಿಯುತ್ತಿದ್ದೆ. ಅಲ್ಲಿ ನನ್ನನ್ನು ತಪ್ಪು ಎನ್ನುವವರಿಲ್ಲ, ಅರ್ಥವಾಗುವವರೇ ಇಲ್ಲ. ಹಾಳೂರಿಗೆ ಉಳಿದವನೇ ಗೌಡ.

ಗೌಡಿಕೆಯ ರೀತಿ ಹೀಗಿತ್ತು. ಬಾಗಿಲಲ್ಲಿ ಕೊಡುವ ಕಾಗದವನ್ನು ಸುರುಳಿ ಸುತ್ತಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಆ ಸುರುಳಿಯನ್ನು ಬೆರಳಲ್ಲಿ ತಿರುಗಿಸುತ್ತಾ ನಡೆಯುವುದು. ಚಿತ್ರದ ಹತ್ತಿರ ಮೂಗು ತಾಗುವಷ್ಟು ಹೋಗುವುದು, ಹಿಂದಕ್ಕೆ ಬರುವುದು, ಮತ್ತೆ ಹತ್ತಿರ ಹೋಗುವುದು. ಆಮೇಲೆ ತೀರ್ಪು. "ಬಣ್ಣ ನೋಡಬೇಡ, ಬಣ್ಣ ಇಲ್ಲದ ಜಾಗ ನೋಡು." "ಈ ಮನುಷ್ಯ ಏನೋ ಕಳ್ಕೊಂಡಿದಾನೆ ಕಣೇ." ನಾನು ಮುಂದೆ, ಅವಳು ಹಿಂದೆ. ಗಂಡ ಮುಂದೆ ನಡೆಯಬೇಕೆಂಬ ಹಳೆಯ ಶಾಸ್ತ್ರವೇನೂ ನಮ್ಮಲ್ಲಿಲ್ಲ. ವಿವರಿಸುವವನು ಮುಂದಿರಬೇಕಲ್ಲ, ಅದಕ್ಕೆ. ನನ್ನ ದನಿಯೋ, ಮೊದಲೇ ಬಸ್ ಸ್ಟ್ಯಾಂಡಿನ ದನಿ. ಜನ ತಿರುಗಿ ನೋಡುತ್ತಿದ್ದರು. ದಕ್ಷಿಣದಿಂದ ಯಾರೋ ದೊಡ್ಡ ಪಂಡಿತ ಬಂದಿದ್ದಾನೆಂದು ಅವರು ತಿಳಿದಿದ್ದಾರೆ ಎಂದು ನಾನು ತಿಳಿದಿದ್ದೆ.

ಒಮ್ಮೆ ಕಪ್ಪು ಕಪ್ಪಾಗಿ ಬಿರುಕು ಬಿಟ್ಟಂಥ ದೊಡ್ಡದೊಂದು ಚಿತ್ರದ ಮುಂದೆ ನಿಂತು, ಇದು ಬರಗಾಲದ ನೆಲ, ಈ ಗೆರೆಗಳು ಭೂಮಿತಾಯಿಯ ಹಸಿವು ಎಂದು ಬಹಳ ಹೊತ್ತು ವಿವರಿಸಿದೆ. ನನ್ನ ಕಣ್ಣೇ ಒದ್ದೆಯಾಗುವುದರಲ್ಲಿತ್ತು. ಅವಳು ಪಕ್ಕದ ಚೀಟಿಯ ಕಡೆ ಬೆರಳು ತೋರಿಸಿದಳು. ಚಿತ್ರದ ಹೆಸರು ಇಲಿಶ್. ಈ ಊರಿನವರು ಪ್ರಾಣ ಬಿಡುವ ಮೀನು. ಅದು ಅದರ ಮೈಮೇಲಿನ ಹುರುಪೆ.

"ಅದನ್ನೇ ನಾನೂ ಹೇಳ್ತಿರೋದು," ಎಂದೆ. "ಮೀನಿಗೂ ಬರಗಾಲ ಬರುತ್ತಲ್ಲ."

"ಹೂಂ," ಎಂದಳು.

ಹೀಗೆ ಹದಿನೈದು ವರ್ಷ ನಡೆಯಿತು. ನಮ್ಮ ಮಗಳು ಇಲ್ಲೇ ಓದಿ, ಫಿಸಿಯೋಥೆರಪಿಸ್ಟ್ ಆಗಿ, ಮದುವೆಯಾಗಿ ನ್ಯೂ ಟೌನ್‌ಗೆ ಹೋದಳು. ಮನೆ ಖಾಲಿಯಾದ ಮೇಲೆ ಹೆಂಡತಿ ನಮ್ಮ ಪಾಡಾದಲ್ಲಿ, ಅಂದರೆ ನಮ್ಮ ಬೀದಿ ನೆರೆಯಲ್ಲಿ, ಒಬ್ಬ ಚಿತ್ರದ ಮೇಷ್ಟ್ರ ಹತ್ತಿರ ಸೇರಿಕೊಂಡಳು. ಕೋಲ್ಕತ್ತಾದ ಪ್ರತಿ ಪಾಡಾದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಭಾನುವಾರ ಮಕ್ಕಳಿಗೆ, ವಾರದ ನಡುವೆ ಒಂದು ಮಧ್ಯಾಹ್ನ ಹೆಂಗಸರಿಗೆ ಕಲಿಸುತ್ತಾರೆ. ನಾನು ದೊಡ್ಡ ಮನಸ್ಸಿನಿಂದ ಒಪ್ಪಿಗೆ ಕೊಟ್ಟೆ. ಅವಳು ಕೇಳಿರಲಿಲ್ಲ, ಆದರೂ ಕೊಟ್ಟೆ. ಹಿಂದಿನ ಬಾಲ್ಕನಿಯಲ್ಲಿ ಅವಳು ಬರೆಯಲು ಕೂತರೆ ನಾನು ಪೇಪರ್ ಮಡಿಸಿಟ್ಟು ಹೋಗಿ ಹಿಂದೆ ನಿಲ್ಲುತ್ತಿದ್ದೆ. "ನೀಲಿ ಸ್ವಲ್ಪ ಜಾಸ್ತಿ ಆಯ್ತಲ್ಲ?" ಎನ್ನುತ್ತಿದ್ದೆ. ಎರಡು ತಿಂಗಳು ತಡೆದುಕೊಂಡಳು. ಮೂರನೆಯ ತಿಂಗಳು ಬಾಲ್ಕನಿಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು. ಬರೆದದ್ದನ್ನು ನನ್ನದೇ ಒಂದು ಹಳೆಯ ಪಂಚೆ ಮುಚ್ಚಿ ಇಡುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ, ಊರಿನ ಚಿತ್ರವನ್ನೆಲ್ಲ ಅರೆದು ಕುಡಿದವನು ಮನೆಯಲ್ಲಿದ್ದರೂ ಇವಳಿಗೆ ಬೇಡವಾಯಿತು ಎಂದು ಕೊರಗಿದೆ.

ಕಳೆದ ಚಳಿಗಾಲದಲ್ಲಿ ಎರಡು ಸಂಗತಿ ಒಟ್ಟಿಗೆ ಬಂದವು. ಮೇಷ್ಟ್ರ ಶಿಷ್ಯೆಯರೆಲ್ಲ ಸೇರಿ ದಕ್ಷಿಣ ಕೋಲ್ಕತ್ತಾದ ಒಂದು ಸಣ್ಣ ಗ್ಯಾಲರಿಯನ್ನು ವಾರದ ಮಟ್ಟಿಗೆ ಹಿಡಿದರು, ಅದರಲ್ಲಿ ನನ್ನ ಹೆಂಡತಿಯದೂ ಮೂರು ಚಿತ್ರ ಇರುತ್ತದೆ ಎಂದಾಯಿತು. ಇನ್ನೊಂದು ಕಡೆ ನನ್ನ ನಿವೃತ್ತಿ ಹತ್ತಿರ ಬಂತು. ಮೈಸೂರಿನಲ್ಲಿ ನಮ್ಮದೊಂದು ಮನೆಯಿದೆ, ಬಾಡಿಗೆಗೆ ಕೊಟ್ಟದ್ದು. ನಾನು ಒಂದು ರಾತ್ರಿ ಊಟಕ್ಕೆ ಕೂತಾಗ, "ಯುಗಾದಿಗೆ ಮೈಸೂರಲ್ಲಿರ್ತೀವಿ. ಬಾಡಿಗೆಯವರಿಗೆ ಫೋನ್ ಮಾಡಿ ಹೇಳಿಬಿಟ್ಟೆ," ಎಂದೆ. ಸಾರು ಬಡಿಸುತ್ತಿದ್ದವಳ ಕೈ ನಿಂತಿತು.

"ಮೊದಲು ನನ್ನ ಚಿತ್ರ ನೋಡಿ," ಎಂದಳು. "ಆಮೇಲೆ ಮೈಸೂರಿನ ಮಾತು."

"ಚಿತ್ರಕ್ಕೂ ಮೈಸೂರಿಗೂ ಏನೇ ಸಂಬಂಧ?"

"ನೋಡಿ ಅಂದ್ರೆ, ನಿಂತು ನೋಡಿ. ಸುಮ್ಮನೆ ನೋಡಿ."

ಬರುತ್ತಾಳೆ, ಬರದೆ ಎಲ್ಲಿಗೆ ಹೋಗುತ್ತಾಳೆ ಎಂದುಕೊಂಡೆ. ಆದರೂ ಅವಳು ಹೂಂ ಅನ್ನಲಿಲ್ಲವಲ್ಲ ಎನ್ನುವುದು ಮನಸ್ಸಿನಲ್ಲಿ ಕೂತುಬಿಟ್ಟಿತು. ಹದಿನೈದು ವರ್ಷ ಈ ಊರನ್ನು ಬೈದುಕೊಂಡೇ ಕಳೆದವನು ನಾನು. ಬಿಸಿಲು, ಬೆವರು, ನೀರು ನಿಲ್ಲುವ ಬೀದಿ, ಎಲ್ಲದಕ್ಕೂ ಮೀನಿನ ವಾಸನೆ. ಒಂದು ದಿನ ಮೈಸೂರಿಗೆ ಹೋಗಿ ಮೊಗಸಾಲೆಯಲ್ಲಿ ಕಾಲು ಚಾಚಿ ಕೂರುತ್ತೇನೆ ಎನ್ನುವುದರ ಮೇಲೆ ಬದುಕಿದ್ದೆ. ಆ ಚಿತ್ರದಲ್ಲಿ ಅವಳು ಪಕ್ಕದಲ್ಲಿ ಕೂತಿರುತ್ತಿದ್ದಳು, ಸಂಶಯವೇ ಇರಲಿಲ್ಲ.

ಉದ್ಘಾಟನೆಯ ಸಂಜೆ ಗ್ಯಾಲರಿ ಕಿಕ್ಕಿರಿದಿತ್ತು. ದೀಪ ಹಚ್ಚಿದರು, ಶಾಲು ಹೊದಿಸಿದರು, ಒಬ್ಬರಾದ ಮೇಲೊಬ್ಬರು ಮಾತಾಡಿದರು. ಆಮೇಲೆ ಮೀನಿನ ಫ್ರೈ ಬಂತು, ನನ್ನಂಥವರಿಗೆ ಬೀಟ್‌ರೂಟಿನ ಚಾಪ್, ನಮ್ಮ ಕಟ್ಲೆಟ್ಟಿನಂಥದು. ನಾನು ಚಾಪ್ ಹಿಡಿದುಕೊಂಡು ಉಳಿದ ಶಿಷ್ಯೆಯರ ಗಂಡಂದಿರಿಗೆ ಅವರವರ ಹೆಂಡತಿಯರ ಚಿತ್ರಗಳನ್ನು ಮುರುಕು ಹಿಂದಿಯಲ್ಲಿ ವಿವರಿಸುವುದರಲ್ಲಿ ಮುಳುಗಿದೆ. ಒಂದು ವಿಷಯ ಗಮನಿಸಿದೆ. ಗುರುತು ಪರಿಚಯ ಇಲ್ಲದವರೆಲ್ಲ ನನ್ನನ್ನು ನೋಡಿ ನಗುತ್ತಿದ್ದರು. ಒಬ್ಬಳು ಹೆಂಗಸು ಗಂಡನಿಗೆ ಮೊಣಕೈಯಿಂದ ತಿವಿದು ನನ್ನನ್ನು ತೋರಿಸಿದಳು ಕೂಡ. ಕಡೆಗೂ ಈ ಊರು ನನ್ನನ್ನು ಗುರುತಿಸಿತು ಎಂದು ಎದೆಯುಬ್ಬಿತು. ಹೆಂಡತಿಯ ಚಿತ್ರಗಳಿದ್ದ ಮೂಲೆಯಲ್ಲಿ ಜನ ಜಾಸ್ತಿ. ಅವರ ತಲೆಗಳ ಮೇಲಿಂದ ಒಮ್ಮೆ ಇಣುಕಿದೆ. ಏನೋ ಬೂದು ಬಣ್ಣ ಕಂಡಿತು.

ಮೆಟ್ರೋದಲ್ಲಿ ಮನೆಗೆ ಬರುವಾಗ ಅವಳು ಕೇಳಿದಳು, "ನೋಡಿದ್ರಾ?"

"ಚೆನ್ನಾಗಿದೆ ಕಣೇ," ಎಂದೆ. "ಒಂದು ಒಳತೋಟಿ ಇದೆ."

ಮಾರನೆಯ ದಿನ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಹೋದಳು. ಆಫೀಸಿಗೆ ಬಂದರೆ ಮಗಳ ಫೋನು. ಇಲ್ಲೇ ಬೆಳೆದವಳು, ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡಲು ಹೋದರೆ ಅರ್ಧ ದಾರಿಯಲ್ಲಿ ಹಿಂದಿ ಹತ್ತಿಕೊಳ್ಳುತ್ತದೆ.

"ಅಪ್ಪಾ, ಅಮ್ಮನ ಪೇಂಟಿಂಗ್ಸ್ ಠೀಕ್ ಸೇ ನೋಡಿದ್ರಾ ನೀವು?"

"ನೋಡದೆ ಏನಮ್ಮ?"

"ಅದ್ರಲ್ಲಿ ಏನಿದೆ, ಹೇಳಿ."

"ಒಳತೋಟಿ ಇದೆ."

"ವಾಟ್ ಈಸ್ ಒಳತೋಟಿ?"

ಹದಿನೈದು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅದು ಒಂದು ಥರ, ಒಳಗೆ ಇರುವ ತೋಟಿ ಎಂದೆ. ಮಗಳು "ಅಪ್ಪಾ, ಪ್ಲೀಸ್ ಹೋಗಿ ನೋಡಿ. ಅಮ್ಮ ಮೈಸೂರಿಗೆ ಹೋಗ್ತಾರೋ ಇಲ್ವೋ ನನಗೂ ಹೇಳ್ತಿಲ್ಲ," ಎಂದಳು. ಅದನ್ನು ಕೇಳಿ ನನಗೆ ನಿಜವಾಗಿ ಭಯವಾಯಿತು.

ಇಂಥ ಪ್ರದರ್ಶನಗಳಲ್ಲಿ ಒಂದು ಪದ್ಧತಿ ಇದೆ. ಗ್ಯಾಲರಿಯವರು ಗೋಡೆ ಕೊಡುತ್ತಾರೆ, ದೀಪ ಕೊಡುತ್ತಾರೆ, ಕಾಯುವವರನ್ನು ಕೊಡುವುದಿಲ್ಲ. ಬರೆದವರೇ ಪಾಳಿಯ ಮೇಲೆ ಬಂದು ಕೂತು ಚಿತ್ರ ನೋಡಿಕೊಳ್ಳಬೇಕು. ಬಂದವರು ಕೇಳಿದರೆ ಹೇಳಬೇಕು, ಒರಗಿಕೊಂಡು ಸೆಲ್ಫಿ ತೆಗೆಯುವವರನ್ನು ಬೈಯಬೇಕು. ಆ ವಾರ ಒಂದು ಮಧ್ಯಾಹ್ನ ನನ್ನ ಹೆಂಡತಿಯ ಪಾಳಿ. ಅದೇ ದಿನ ಅವಳಿಗೆ ಹಲ್ಲಿನ ಡಾಕ್ಟರು ಕರೆದಿದ್ದರು. "ನನ್ನ ಬದಲು ನೀವು ಕೂತಿರಿ. ಅಲ್ಲಿಗೇ ಬರ್ತೀನಿ," ಎಂದಳು. ನಾನು ಅರ್ಧ ದಿನ ರಜೆ ಹಾಕಿ, ಹೆಗಲಿಗೆ ಆಫೀಸಿನ ಚೀಲ ಏರಿಸಿ ಹೋದೆ.

ಅಲ್ಲಿ ಇನ್ನೊಬ್ಬ ಶಿಷ್ಯೆ ಪಾಳಿಯಲ್ಲಿದ್ದರು, ನಿವೃತ್ತ ಹೆಡ್‌ಮಿಸ್ಟ್ರೆಸ್. ಶಾಲು ಹೊದ್ದು ಎದುರು ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತಿದ್ದರು. ನನ್ನನ್ನು ಕಂಡು, "ಬನ್ನಿ ದಾದಾ, ನಿಮ್ಮನ್ನು ಈಗ ಇಲ್ಲಿ ಎಲ್ಲರೂ ಬಲ್ಲರು," ಎಂದು ನಕ್ಕರು. ನಾನು ವಿನಯದಿಂದ ಕೈ ಮುಗಿದೆ. ಹೆಂಡತಿಯ ಚಿತ್ರಗಳ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಗೋಡೆಗೆ ಬೆನ್ನು ಮಾಡಿ ಕೂತೆ. ಕೂತ ಮೇಲೆ ಎದ್ದು ನೋಡೋಣ ಎಂದುಕೊಂಡೆ. ಅಷ್ಟರಲ್ಲಿ ಮೊಬೈಲಿನಲ್ಲಿ ಮೈಸೂರಿನ ಹವಾಮಾನ ನೋಡತೊಡಗಿದೆ.

ಆಗ ಬಂದರು ಆ ಮುದುಕರು. ಡಿಸೆಂಬರ್ ಬಂತೆಂದರೆ ಈ ಊರಿನ ಹಿರಿಯರೆಲ್ಲ ತಲೆ ಕಿವಿ ಕುತ್ತಿಗೆ ಮುಚ್ಚುವ ಉಣ್ಣೆಯ ಟೋಪಿ ಹಾಕುತ್ತಾರೆ; ಇವರೂ ಹಾಕಿದ್ದರು. ಕೈಯಲ್ಲಿ ಕೊಡೆ. ವಾರಕ್ಕೊಂದು ಸಲ ಊರಿನ ಗ್ಯಾಲರಿಗಳನ್ನೆಲ್ಲ ಸುತ್ತುವ ಜಾತಿಯವರು ಎಂದು ನೋಡಿದರೇ ತಿಳಿಯುತ್ತಿತ್ತು. ನನ್ನ ತಲೆಯ ಮೇಲಿನ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮತ್ತೆ ಚಿತ್ರ ನೋಡಿದರು.

"ಇವನ್ನು ಸ್ವಲ್ಪ ಹೇಳುತ್ತೀರಾ?" ಎಂದು ಕೇಳಿದರು. ನಾವು ಮಾತಾಡಿದ್ದು ಅರ್ಧ ಹಿಂದಿ, ಅರ್ಧ ಬಂಗಾಳಿ. ನನ್ನ ಪಾಲಿನ ವ್ಯಾಕರಣವನ್ನು ದೇವರು ಕ್ಷಮಿಸಲಿ.

ಇದಕ್ಕೇ ಕಾದಿದ್ದೆ. ಗ್ಯಾಲರಿಯೊಳಗೆ ನನ್ನನ್ನು ಈ ಊರಿನವರೊಬ್ಬರು ಮೊದಲ ಬಾರಿಗೆ ಕೇಳಿದ್ದರು. ಕುರ್ಚಿಯಿಂದ ಎದ್ದೆ, ಕಾಗದ ಸುರುಳಿ ಸುತ್ತಿದೆ, ಕೈ ಹಿಂದೆ ಕಟ್ಟಿದೆ, ಚಿತ್ರದ ಮುಂದೆ ನಿಂತೆ. ಮೂರಕ್ಕೂ ಒಂದೇ ಹೆಸರು, ಶನಿವಾರ. ಮೊದಲನೆಯದರಲ್ಲಿ ಒಬ್ಬ ಗಂಡಸಿನ ಬೆನ್ನು. ಇಡೀ ಚಿತ್ರದ ತುಂಬ ಬೆನ್ನೇ. ಬೂದು ಅಂಗಿ, ಜೋತುಬಿದ್ದ ಎಡಭುಜ, ತಲೆಯ ಹಿಂದೆ ಕೂದಲು ಹೋದ ಒಂದು ಹೋಳಿಗೆಯಷ್ಟು ಜಾಗ. ಅವನ ಎರಡೂ ಬದಿಗೆ ಯಾವುದೋ ಚೌಕಟ್ಟಿನ ತುಂಡುಗಳು ಇಣುಕುತ್ತಿದ್ದವು.

"ಇವನು ಒಬ್ಬ ಮನುಷ್ಯನಲ್ಲ, ಸಾಮಾನ್ಯ ಗುಮಾಸ್ತರೆಲ್ಲರ ಪ್ರತೀಕ," ಎಂದು ಶುರು ಮಾಡಿದೆ. "ವಾರವೆಲ್ಲ ದುಡಿದು ಸೋತಿದ್ದಾನೆ. ಮುಖ ಇಲ್ಲ ನೋಡಿ. ಇಂಥವನಿಗೆ ಮುಖ ಯಾಕೆ? ಕಿವಿಗಳು ಎಷ್ಟು ದೊಡ್ಡದಾಗಿವೆ. ಆದರೂ ಯಾರ ಮಾತನ್ನೂ ಕೇಳಿಸಿಕೊಳ್ಳುವವನ ಹಾಗೆ ಕಾಣುವುದಿಲ್ಲ."

"ಹೌದು ಹೌದು," ಎಂದರು ಮುದುಕರು.

ಎರಡನೆಯದರಲ್ಲಿ ಅದೇ ಮನುಷ್ಯ ಸ್ವಲ್ಪ ಬಲಕ್ಕೆ ಸರಿದಿದ್ದ. ಅವನ ಭುಜದ ಮೇಲಿಂದ ಅರ್ಧ ದೋಣಿ, ಒಂದು ಹೆಣ್ಣಿನ ಕೈ, ಒಂದಿಷ್ಟು ಕೆಂಪು ಕಾಣುತ್ತಿತ್ತು. ಅವನ ಮೊಣಕೈ ಅಡ್ಡ ಬಂದು ಉಳಿದದ್ದನ್ನು ಮುಚ್ಚಿತ್ತು. "ಇಲ್ಲಿ ಅವನ ಅಹಂಕಾರ ನೋಡಬೇಕು," ಎಂದೆ. "ಜಗತ್ತಿಗೆ ಅಡ್ಡ ನಿಂತಿದ್ದಾನೆ. ಅಡ್ಡ ನಿಂತಿರುವುದು ಅವನಿಗೇ ಗೊತ್ತಿಲ್ಲ. ಕಲಾವಿದೆ ಬಹಳ ನಿರ್ದಯವಾಗಿ ಬರೆದಿದ್ದಾಳೆ." ಹೆಂಡತಿಯನ್ನು ಇಷ್ಟು ಹೊಗಳುತ್ತಿದ್ದೇನಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

"ಮೂರನೆಯದರಲ್ಲಿ ಅವನು ಎಲ್ಲಿ ಹೋದ?" ಎಂದು ಕೇಳಿದರು.

ಮೂರನೆಯದರಲ್ಲಿ ಅವನು ಇರಲಿಲ್ಲ. ಒಂದು ಮರದ ಬೆಂಚು, ಹೊಳೆಯುವ ನೆಲ, ಎದುರು ಗೋಡೆ, ಗೋಡೆಯ ತುಂಬ ಚಿತ್ರಗಳು. ಪೂರ್ತಿ ದೋಣಿ, ಪೂರ್ತಿ ಹೆಣ್ಣು. ಎಲ್ಲದರ ಮೇಲೂ ಸಂಜೆಯ ಹಳದಿ ಬೆಳಕು.

"ಸತ್ತಿದ್ದಾನೆ," ಎಂದೆ ಗಂಭೀರವಾಗಿ. "ಅವನು ಸತ್ತ ಮೇಲೆ ಜಗತ್ತಿಗೆ ಬೆಳಕು ಬಂದಿದೆ."

ಹಿಂದಿನಿಂದ ಒಂದು ಕ್ಲಿಕ್ ಎನ್ನುವ ಶಬ್ದ. ತಿರುಗಿದರೆ ಮುದುಕರು ಮೊಬೈಲ್ ಹಿಡಿದು ನನ್ನ ಫೋಟೋ ತೆಗೆದಿದ್ದರು. ಹತ್ತಿರ ಬಂದು ನನಗೆ ತೋರಿಸಿದರು. ಮೊಬೈಲಿನಲ್ಲಿ ಇಬ್ಬರು ಗಂಡಸರ ಬೆನ್ನು. ಒಬ್ಬ ಗೋಡೆಯ ಮೇಲೆ, ಒಬ್ಬ ಗೋಡೆಯ ಎದುರಿಗೆ. ಅದೇ ಭುಜ, ಅದೇ ಕಿವಿ, ಹೆಗಲಲ್ಲಿ ಪಟ್ಟಿ ಕಿತ್ತು ಗಂಟು ಹಾಕಿದ ಅದೇ ಚೀಲ, ಹಿಂದೆ ಕಟ್ಟಿದ ಕೈಯಲ್ಲಿ ಅದೇ ಕಾಗದದ ಸುರುಳಿ.

"ದಾದಾ," ಎಂದರು ಮುದುಕರು, ನನ್ನ ತೋಳು ಮುಟ್ಟಿ. "ನೀವು ಚೆನ್ನಾಗಿಯೇ ಬದುಕಿದ್ದೀರಿ."

ಎದುರು ಮೂಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಸ್ವೆಟರಿನಲ್ಲಿ ಮುಖ ಹುದುಗಿಸಿಕೊಂಡಿದ್ದರು. ಅವರ ಶಾಲು ಕುಲುಕುತ್ತಿತ್ತು.

ತನ್ನ ಬೆನ್ನು ತನಗೆ ಕಾಣದು ಎನ್ನುವ ಗಾದೆ ನಮ್ಮಜ್ಜಿಯ ಬಾಯಲ್ಲಿ ಸಾವಿರ ಸಲ ಕೇಳಿದ್ದೆ. ಅದನ್ನು ಹೀಗೆ ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಿ ಊರಿಗೆಲ್ಲ ತೋರಿಸಬಹುದೆಂದು ತಿಳಿದಿರಲಿಲ್ಲ. ಉದ್ಘಾಟನೆಯ ದಿನ ಜನ ಯಾಕೆ ನಕ್ಕರೆಂದು ಈಗ ತಿಳಿಯಿತು. ಮೊದಲು ಬಂದದ್ದು ಸಿಟ್ಟು. ತಿಂಗಳುಗಟ್ಟಲೆ ಬಾಲ್ಕನಿಯಲ್ಲಿ ಚಿಲಕ ಹಾಕಿಕೊಂಡು ಇವಳು ಮಾಡಿದ್ದು ಇದಾ? ನನ್ನ ಪಂಚೆಯನ್ನೇ ಮುಚ್ಚಿ ನನ್ನ ಬೆನ್ನನ್ನೇ ಬರೆದಳಲ್ಲ? ಆಮೇಲೆ ಬಂದದ್ದು, ಹೇಳಲು ನಾಚಿಕೆ, ಕೂದಲು ಇಷ್ಟು ಹೋಗಿದೆಯಾ ಎನ್ನುವ ಸಂಕಟ. ತಲೆಯ ಹಿಂದೆ ಕೈಯಾಡಿಸಿ ನೋಡಿಕೊಂಡೆ. ಹೋಗಿತ್ತು.

ಮುದುಕರು ಹೋದರು. ಹೆಡ್‌ಮಿಸ್ಟ್ರೆಸ್ ಕಣ್ಣು ಮುಚ್ಚಿ ತೂಕಡಿಸತೊಡಗಿದರು. ನಾನು ಕುರ್ಚಿಯನ್ನು ತಿರುಗಿಸಿ, ಚಿತ್ರಗಳಿಗೆ ಎದುರಾಗಿ ಕೂತೆ. ಬೇರೆ ಕೆಲಸವಿರಲಿಲ್ಲ, ಕೇಳುವವರೂ ಇರಲಿಲ್ಲ. ಸುಮ್ಮನೆ ನೋಡಿದೆ. ಅವಳು ಚೆನ್ನಾಗಿ ಬರೆದಿದ್ದಳು. ನನಗೆ ಚಿತ್ರ ತಿಳಿಯದಿದ್ದರೂ ಅಷ್ಟು ತಿಳಿಯಿತು. ಅಂಗಿಯ ಬೆವರಿನ ಕಲೆಯನ್ನು ಕೂಡ ಬೇಸರವಿಲ್ಲದೆ, ಒಂದೊಂದೇ ಗೆರೆಯಾಗಿ ಬರೆದಿದ್ದಳು. ಕಿವಿಯ ಹಿಂದಿನ ಮಚ್ಚೆ ನನಗೇ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಆದರೆ ಮತ್ತೆ ಮತ್ತೆ ನನ್ನ ಕಣ್ಣು ಮೂರನೆಯ ಚಿತ್ರಕ್ಕೇ ಹೋಗುತ್ತಿತ್ತು. ಮೂರರಲ್ಲಿ ಅದೇ ಚೆಂದ. ಅದರಲ್ಲಿ ನಾನಿಲ್ಲ. ಮೊದಲು ಚಿತ್ರ ನೋಡಿ, ಆಮೇಲೆ ಮೈಸೂರಿನ ಮಾತು ಎಂದಿದ್ದಳಲ್ಲ. ನೋಡಿದೆ. ನಾನು ಮೈಸೂರಿನಲ್ಲಿ, ಅವಳು ಈ ಬೆಳಕಿನಲ್ಲಿ ಎಂದು ಬರೆದಿಟ್ಟಿದ್ದಳು ಎಂದೇ ನನಗನಿಸಿತು. ಅಳು ಬಂದರೆ ಹೆಡ್‌ಮಿಸ್ಟ್ರೆಸ್ ಎಚ್ಚರಗೊಳ್ಳುತ್ತಾರೆಂದು ಗಟ್ಟಿಯಾಗಿ ಕೆಮ್ಮಿದೆ.

ಅವಳು ಬಂದಾಗ ಹೊರಗೆ ಬಿಸಿಲು ಇಳಿಯುತ್ತಿತ್ತು. ಒಂದು ಕೆನ್ನೆ ಊದಿಕೊಂಡಿತ್ತು, ಬಾಯಲ್ಲಿ ಹತ್ತಿ, ಸೆರಗನ್ನು ತುಟಿಗೆ ಒತ್ತಿ ಹಿಡಿದಿದ್ದಳು. ಹಲ್ಲು ಕಿತ್ತಿದ್ದರು. ಅರ್ಧ ಬಾಯಿ ಮರಗಟ್ಟಿತ್ತು. ಕುರ್ಚಿ ತಿರುಗಿರುವುದನ್ನು ನೋಡಿದಳು, ನನ್ನ ಮುಖ ನೋಡಿದಳು, ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತಳು.

"ನೋಡಿದೆ," ಎಂದೆ.

ಅವಳು ಕಾದಳು.

"ಮೂರನೇದ್ರಲ್ಲಿ ನಾನೆಲ್ಲಿ?"

"ಟೀ ಕುಡಿಯೋಕೆ ಹೋಗಿದೀರಿ," ಎಂದಳು, ಬಾಯಿ ಒಂದು ಕಡೆಯಿಂದ ಮಾತ್ರ ತೆರೆದು.

"ಯಾವಾಗ?"

"ಯಾವಾಗ್ಲೂ. ಪ್ರತಿ ಶನಿವಾರ. ವಿವರಿಸಿ ಗಂಟಲು ಒಣಗ್ತಿತ್ತಲ್ಲ ನಿಮಗೆ. ನನ್ನನ್ನ ಬೆಂಚಿನ ಮೇಲೆ ಕೂರ್ಸಿ ಹೋಗ್ತಿದ್ರಿ. ಆಗ್ಲೇ ನಾನು ಚಿತ್ರ ನೋಡ್ತಿದ್ದದ್ದು."

ಹೌದು, ಹೋಗುತ್ತಿದ್ದೆ. ಗ್ಯಾಲರಿಯ ಹೊರಗೆ ಯಾವಾಗಲೂ ಒಂದು ಟೀ ಅಂಗಡಿ ಇರುತ್ತದೆ. ಮಣ್ಣಿನ ಕುಡಿಕೆಯಲ್ಲಿ ಟೀ ಹಿಡಿದು ನಿಂತಾಗಲೆಲ್ಲ, ಪಾಪ, ಒಬ್ಬಳೇ ಕಾಯುತ್ತಾ ಕೂತಿದ್ದಾಳೆ ಎಂದು ನನಗೆ ಕರುಳು ಚುರ್ರೆನ್ನುತ್ತಿತ್ತು. ಬಿಸಿ ಟೀ ಕುಡಿದು ನಾಲಿಗೆ ಸುಟ್ಟುಕೊಂಡು ಓಡಿ ಬರುತ್ತಿದ್ದೆ. ಅದನ್ನು ಅವಳಿಗೆ ಹೇಳಿದೆ.

"ಗೊತ್ತು," ಎಂದಳು. "ಯಾಕೆ ಇಷ್ಟು ಬೇಗ ಬರ್ತಾರೋ ಅಂತ ಬೇಜಾರಾಗ್ತಿತ್ತು."

ಅಷ್ಟು ಹೇಳಿ ನಗಲು ಹೋದಳು, ಕೆನ್ನೆ ನೋಯಿತು, ಸೆರಗು ಒತ್ತಿಕೊಂಡಳು. ನನಗೆ ನಗು ಬರಲಿಲ್ಲ. ಬಾಯಿ ತುಂಬ ಮಾತಿತ್ತು. ಮೈಸೂರಿನಲ್ಲೂ ಗ್ಯಾಲರಿ ಇದೆ, ಅಲ್ಲಿ ಬೇಕಾದರೆ ಒಂದು ರೂಮನ್ನೇ ಬಿಟ್ಟುಕೊಡುತ್ತೇನೆ, ಬೆಳಕು ಅಲ್ಲೂ ಹಳದಿಯಾಗಿಯೇ ಬರುತ್ತದೆ, ಬಾಡಿಗೆಯವರಿಗೆ ಹೇಳಿಯಾಗಿದೆ, ನೆಂಟರಿಗೆಲ್ಲ ಹೇಳಿಯಾಗಿದೆ. ಹೇಳಲು ಬಾಯಿ ತೆರೆದೆ. ಅವಳು ಮೂರನೆಯ ಚಿತ್ರವನ್ನು ನೋಡುತ್ತಿದ್ದಳು, ನಾನು ಅವಳ ಊದಿದ ಕೆನ್ನೆಯನ್ನು ನೋಡುತ್ತಿದ್ದೆ. ಇಷ್ಟು ದಿನ ಮೈಸೂರಿನ ಬಗ್ಗೆ ಅವಳಿಗೆ ನಾನು ಹೇಳಿದ್ದೆಲ್ಲ ಸುದ್ದಿಯೇ ಹೊರತು ಒಂದು ಪ್ರಶ್ನೆಯೂ ಇರಲಿಲ್ಲ.

"ಮೈಸೂರಿಗೆ ಹೋಗೋಣ್ವಾ?" ಎಂದು ಕೇಳಿದೆ.

ಕೇಳಿದ ಮೇಲೆ ಉತ್ತರವನ್ನೂ ನಾನೇ ಹೇಳಿಬಿಡುವುದು ನನ್ನ ಅಭ್ಯಾಸ. ಆ ದಿನ ಹಲ್ಲು ಕಚ್ಚಿ ಕೂತೆ. ಒಬ್ಬ ಹುಡುಗ ಒಬ್ಬಳು ಹುಡುಗಿ ಒಳಗೆ ಬಂದು, ಒಂದು ಸುತ್ತು ಹಾಕಿ, ನನ್ನನ್ನೂ ಗೋಡೆಯನ್ನೂ ಒಂದೊಂದು ಸಲ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದರು. ಅವರು ಹೋದರೂ ಅವಳು ಮಾತಾಡಲಿಲ್ಲ. ಬಾಯಿ ಮರಗಟ್ಟಿದ್ದಕ್ಕೋ, ಯೋಚಿಸುತ್ತಿದ್ದಾಳೋ ತಿಳಿಯದೆ ನನಗೆ ಪ್ರಾಣ ಹೋಗುತ್ತಿತ್ತು.

ಕಡೆಗೆ ಬಾಯಿಂದ ಹತ್ತಿ ತೆಗೆದು, ಕರ್ಚೀಫಿನಲ್ಲಿ ಸುತ್ತಿ, ಚೀಲದೊಳಗಿಟ್ಟಳು.

"ನಾನು ಬರಲ್ಲ ರೀ," ಎಂದಳು.

ನಾನು ತಲೆ ತಗ್ಗಿಸಿದೆ. ಅವಳು ಸೆರಗಿನಿಂದ ತುಟಿ ಒರೆಸಿಕೊಂಡಳು.

"ನೀವೂ ಹೋಗ್ಬೇಡಿ."